ಗಿಟಾರಿನ ವಿಕೃತನಾದ: ಒಂದು ದೋಷಾದೋಷವಿಚಾರ

೧. ವಿಷಯಪ್ರವೇಶ

ಕಾವ್ಯದಲ್ಲಿ ದೋಷವೆಂದು ಎಣಿಸಿದುದು ಎಲ್ಲೆಡೆಯಲ್ಲಿಯೂ ದೋಷವೇ ಆಗಿರಬೇಕೆಂಬ ನಿಯಮವಿಲ್ಲವೆಂಬುದು ಭಾರತೀಯ ಅಲಂಕಾರಶಾಸ್ತ್ರದಲ್ಲಿ ಬಹು ಪ್ರಾಚೀನವಾದ ಮತ. ಸನ್ನಿವೇಶವಿಶೇಷದಿಂದ ದುಷ್ಟವಾದ ಉಕ್ತಿಯೂ ಶೋಭೆಯನ್ನು ಪಡೆಯಬಹುದೆಂದು ಭಾಮಹನು ಒಪ್ಪಿದನು. ಶ್ರುತಿದುಷ್ಟಾದಿಗಳು ಶೃಂಗಾರದಲ್ಲಿ ಹೇಯವಾದರೂ ರೌದ್ರಾದಿಗಳಲ್ಲಿ ಹಾಗಲ್ಲವಾದುದರಿಂದ ಅವು ಅನಿತ್ಯದೋಷಗಳೆಂದು ಆನಂದವರ್ಧನನು ವ್ಯವಸ್ಥೆಮಾಡಿದನು. ಕನ್ನಡದಲ್ಲಿ ದೊರೆತಿರುವ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗದ ಪ್ರಥಮಪರಿಚ್ಛೇದಕ್ಕೆ 'ದೋಷಾದೋಷಾನುವರ್ಣನನಿರ್ಣಯ'ವೆಂಬ ಹೆಸರೇ ಇರುವುದು. ದೋಷವನ್ನು ತಿಳಿದರೆ ಸಾಲದು, ಅದು ಎಲ್ಲಿ ಅದೋಷವಾಗುವುದೆಂಬುದನ್ನೂ ತಿಳಿಯಬೇಕೆಂಬುದು ಆ ಹೆಸರಿನಿಂದಲೇ ಸೂಚಿತವಾಗಿದೆ.

ಈ ವಿಚಾರಕ್ಕೆ ಇಪ್ಪತ್ತನೆಯ ಶತಮಾನದ ವಾದ್ಯಸಂಗೀತದಲ್ಲಿ ಒಂದು ಅನಪೇಕ್ಷಿತವಾದ ಉದಾಹರಣೆಯು ದೊರೆಯುವುದು. ವಿದ್ಯುತ್‌ ಗಿಟಾರಿನ ನಾದವು ಯಂತ್ರದ ಮೇರೆಯನ್ನು ಮೀರಿ ಒಡೆದು ಕರ್ಕಶವಾಗುವುದನ್ನು ಧ್ವನಿಮುದ್ರಕರು ಮೊದಲು ದೋಷವೆಂದೇ ಭಾವಿಸಿ ಪರಿಹರಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದೇ ದೋಷವನ್ನು ಬೇಕೆಂದಾಗ ಉಂಟುಮಾಡುವುದಕ್ಕಾಗಿ, ಕಾಲಿನಿಂದ ಒತ್ತಿ ನಡೆಸುವ ಸಣ್ಣ ಪೆಟ್ಟಿಗೆಗಳು ಹುಟ್ಟಿಕೊಂಡವು. ಇವುಗಳಿಗೆ ಪೆಡಲುಗಳೆಂದು ಹೆಸರು. ಇಂದು ಮನೆಯಲ್ಲಿಯೇ ಧ್ವನಿಮುದ್ರಣ ಮಾಡುವವನು ದೊಡ್ಡ ಆಂಪ್ಲಿಫೈಯರನ್ನೂ ಮೈಕ್ರೋಫೋನನ್ನೂ ಬಿಟ್ಟು, ಪೆಡಲನ್ನು ನೇರವಾಗಿ ಕಂಪ್ಯೂಟರಿಗೆ ಕೂಡಿಸಲು ಬಯಸುವನು. ಆಗ ಯಾವ ಪೆಡಲು ಉತ್ತಮವೆಂಬ ಪ್ರಶ್ನೆ ಏಳುವುದು. ಈ ಪ್ರಶ್ನೆಗೆ ಸಾಮಾನ್ಯವಾಗಿ ಯಾವುದೋ ಒಂದು ಪೆಟ್ಟಿಗೆಯ ಹೆಸರು ಉತ್ತರವಾಗಿ ಬರುತ್ತದೆ. ಆ ಪೆಟ್ಟಿಗೆಯನ್ನು ಕೊಂಡು ನೇರವಾಗಿ ಮುದ್ರಿಸಿದವನಿಗೆ ಜೇನುನೊಣಗಳ ಮೊರೆತದಂತಹ ನಾದವು ಕೇಳಿಬರುವುದು. ಅವನು ಪೆಟ್ಟಿಗೆಯನ್ನು ಹಳಿದು, ಮತ್ತೊಂದನ್ನು ಕೊಂಡು, ಅದನ್ನೂ ಹಳಿಯುವನು. ಹಣವೂ ಕಾಲವೂ ವ್ಯಯವಾಗುವುದಲ್ಲದೆ ನಿಜವಾದ ಕಾರಣವು ತಿಳಿಯದೆ ಹೋಗುವುದು. ಈ ತಪ್ಪಿನ ಬೇರು ಇತಿಹಾಸದ ಅಜ್ಞಾನದಲ್ಲಿರುವುದರಿಂದ ಮೊದಲು ಇತಿಹಾಸವನ್ನೇ ವಿಚಾರಿಸುವುದು ಯುಕ್ತ.

೨. ವಿಕೃತಿಯ ಲಕ್ಷಣ

ಮೀಟಿದ ತಂತಿಯ ಕಂಪನವು ಗಿಟಾರಿನ ಪಿಕಪ್ಪಿನಲ್ಲಿ ವಿದ್ಯುತ್ತಿನ ಅಲೆಯಾಗಿ ಪರಿಣಮಿಸುವುದು. ಆ ಅಲೆಯನ್ನು ಉಪಕರಣದ ಶಕ್ತಿಯನ್ನು ಮೀರಿ ಬೆಳೆಸಿದರೆ ಅದರ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುವುವು. ಆಗ ಮೂಲಸ್ವರದ ಜೊತೆಗೆ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಮುಂತಾದ ಕಂಪನಸಂಖ್ಯೆಯುಳ್ಳ ಉಪಸ್ವರಗಳು ಹೊಸದಾಗಿ ಹುಟ್ಟುವುವು, ಇದ್ದುವು ಪ್ರಬಲವಾಗುವುವು. ಅಲೆಯ ಮೇಲುಭಾಗವನ್ನೂ ಕೆಳಭಾಗವನ್ನೂ ಸಮವಾಗಿ ಕತ್ತರಿಸಿದರೆ ಬೆಸಸಂಖ್ಯೆಯ ಉಪಸ್ವರಗಳೂ, ವಿಷಮವಾಗಿ ಕತ್ತರಿಸಿದರೆ ಅವುಗಳ ಜೊತೆಗೆ ಸರಿಸಂಖ್ಯೆಯವೂ ಉಂಟಾಗುವುವು. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಅವುಗಳ ಕಂಪನಸಂಖ್ಯೆಗಳ ಮೊತ್ತ ವ್ಯತ್ಯಾಸಗಳಿಗೆ ಸರಿಯಾದ ಬೇರೆ ಸ್ವರಗಳೂ ಹುಟ್ಟುವುವು. ಷಡ್ಜಪಂಚಮಗಳ ಪ್ರಮಾಣವು ೨:೩ ಆಗಿರುವುದರಿಂದ ಅವುಗಳ ವ್ಯತ್ಯಾಸಸ್ವರವು ಷಡ್ಜದ ಕೆಳಗಣ ಸ್ಥಾಯಿಯ ಷಡ್ಜವೇ ಆಗಿ ಸಮರಸವಾಗಿ ನಿಲ್ಲುವುದು. ಹೆಚ್ಚು ಸ್ವರಗಳನ್ನು ಕೂಡಿಸಿದರೆ ಕಲಕಿದಂತಾಗುವುದು. ವಿಕೃತನಾದವನ್ನು ಬಳಸುವ ಗಿಟಾರುವಾದಕರು ಷಡ್ಜಪಂಚಮಗಳ ಜೋಡಿಯನ್ನೇ ಹೆಚ್ಚಾಗಿ ಆಶ್ರಯಿಸಿರುವುದಕ್ಕೆ ಇದೇ ಕಾರಣ.

ನಾದವನ್ನು ಉಪಸ್ವರಗಳಿಂದ ತುಂಬಿಸುವ ಅಪೇಕ್ಷೆ ಪಶ್ಚಿಮದೇಶದ ಹೊಸ ಚಪಲವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನಿಟ್ಟು ಝೇಂಕಾರವನ್ನು ಬರಿಸುವ ಪದ್ಧತಿಯು ಕರ್ಣಾಟಕದಲ್ಲಿ ಎಲ್ಲರಿಗೂ ಪರಿಚಿತವಾದುದೇ. ವೀಣೆ ತಂಬೂರಿಗಳ ಕುದುರೆಯ ರಚನೆಯಿಂದ, ಸಾಮಾನ್ಯನಿಯಮದ ಪ್ರಕಾರ ಇರಬಾರದ ಉಪಸ್ವರಗಳೂ ಕೇಳಿಬರುವುವೆಂದು ಸಿ. ವಿ. ರಾಮನ್ನರು ೧೯೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ತಂಬೂರಿಯ ಝೇಂಕಾರಕ್ಕೂ ಗಿಟಾರಿನ ವಿಕೃತಿಗೂ ಉತ್ಪತ್ತಿಕ್ರಮವು ಬೇರೆ. ಆದರೆ ಉಪಸ್ವರಸಮೃದ್ಧಿಯು ತಾನಾಗಿ ದೋಷವಲ್ಲವೆಂಬುದು ಎರಡಕ್ಕೂ ಸಮಾನ.

೩. ಉತ್ಪತ್ತಿ

ವಿಕೃತನಾದದ ಆದಿಯನ್ನು ಕುರಿತು ಹೇಳುವವರು ಸಾಮಾನ್ಯವಾಗಿ ೧೯೫೧ರಲ್ಲಿ ಮೆಂಫಿಸ್‌ ನಗರದಲ್ಲಿ ಸ್ಯಾಂ ಫಿಲಿಪ್ಸನ ಸ್ಟುಡಿಯೋದಲ್ಲಿ ಮುದ್ರಿತವಾದ 'ರಾಕೆಟ್‌ ೮೮' ಎಂಬ ಗೀತವನ್ನು ಉದಾಹರಿಸುವರು. ಐಕ್‌ ಟರ್ನರನ ಮೇಳದಲ್ಲಿ ಗಿಟಾರು ನುಡಿಸುತ್ತಿದ್ದ ವಿಲ್ಲಿ ಕಿಜಾರ್ಟನ ಆಂಪ್ಲಿಫೈಯರು ಪ್ರಯಾಣದಲ್ಲಿ ಕೆಟ್ಟಿದ್ದಿತು. ಅದು ಕಾರಿನಿಂದ ಬಿದ್ದಿತೆಂದು ಒಂದು ಪಾಠ, ಮಳೆಯಲ್ಲಿ ನೆನೆಯಿತೆಂದು ಇನ್ನೊಂದು ಪಾಠ. ಕಾರಣದಲ್ಲಿ ಪಾಠಾಂತರವಿದ್ದರೂ ಕಾರ್ಯದಲ್ಲಿ ವಿವಾದವಿಲ್ಲ. ಕೆಟ್ಟ ಸ್ಪೀಕರಿಗೆ ಕಾಗದವನ್ನು ತುರುಕಿ ಹಾಗೆಯೇ ನುಡಿಸಿದರು, ಮತ್ತು ಆ ಒಡಕುನಾದವೇ ಮುದ್ರಿತವಾಯಿತು. ೧೯೫೮ರಲ್ಲಿ ಲಿಂಕ್‌ ರೇ ಎಂಬಾತನು 'ರಂಬಲ್‌' ಎಂಬ ವಾದ್ಯಗೀತಕ್ಕಾಗಿ ಸ್ಪೀಕರಿನಲ್ಲಿ ಪೆನ್ಸಿಲಿನಿಂದ ತೂತುಗಳನ್ನು ಮಾಡಿದನು. ಸಾಹಿತ್ಯವೇ ಇಲ್ಲದ ಈ ಕೃತಿಯನ್ನು ಕೆಲವು ರೇಡಿಯೋ ಕೇಂದ್ರಗಳು ಪ್ರಸಾರಮಾಡಲೊಪ್ಪಲಿಲ್ಲವೆಂದರೆ, ಆ ನಾದವು ಆಗಿನ ಕಿವಿಗೆ ಎಷ್ಟು ಉಗ್ರವಾಗಿದ್ದಿತೆಂಬುದನ್ನು ಊಹಿಸಬಹುದು. ೧೯೬೪ರಲ್ಲಿ ಇಂಗ್ಲೆಂಡಿನ ಕಿಂಕ್ಸ್‌ ಮೇಳದ ಡೇವ್‌ ಡೇವಿಸನು 'ಯೂ ರಿಯಲೀ ಗಾಟ್‌ ಮಿ' ಎಂಬ ಗೀತಕ್ಕಾಗಿ ಸ್ಪೀಕರಿನ ಕಾಗದದ ಶಂಕುವನ್ನು ಬ್ಲೇಡಿನಿಂದ ಸೀಳಿದನು.

ಈ ಮೂರು ಪ್ರಸಂಗಗಳಲ್ಲಿಯೂ ವಿಕಾರವುಂಟಾದುದು ಸ್ಪೀಕರಿನಲ್ಲಿಯೇ ಎಂಬುದನ್ನು ಗಮನಿಸಬೇಕು. ನಾದವು ಕೆಟ್ಟ ಸ್ಥಳವೂ ಹೊರಬಿದ್ದ ಸ್ಥಳವೂ ಒಂದೇ.

ಪೆಡಲಿನ ಜನ್ಮಕ್ಕೆ ಕಾರಣವಾದ ಪ್ರಸಂಗವು ಇವುಗಳಿಂದ ಭಿನ್ನವಾದುದು. ೧೯೬೦ರಲ್ಲಿ ನ್ಯಾಶ್‌ವಿಲ್ಲಿನ ಕ್ವಾನ್ಸೆಟ್‌ ಹಟ್‌ ಸ್ಟುಡಿಯೋದಲ್ಲಿ ಮಾರ್ಟಿ ರಾಬಿನ್ಸನ 'ಡೋಂಟ್‌ ವರಿ' ಎಂಬ ಗೀತವು ಮುದ್ರಿತವಾಗುತ್ತಿದ್ದಿತು. ಗ್ರೇಡಿ ಮಾರ್ಟಿನನು ಆರು ತಂತಿಗಳ ಬೇಸ್‌ ಗಿಟಾರನ್ನು ನುಡಿಸುತ್ತಿದ್ದನು. ಆ ವಾದ್ಯವನ್ನು ಸ್ಪೀಕರಿನ ಮೂಲಕವಲ್ಲದೆ ನೇರವಾಗಿ ಮಿಶ್ರಣದ ಮೇಜಿಗೆ, ಎಂದರೆ ಕನ್ಸೋಲಿಗೆ, ಕೂಡಿಸಲಾಗಿದ್ದಿತು. ಕನ್ಸೋಲಿನ ಒಂದು ಟ್ರಾನ್ಸ್‌ಫಾರ್ಮರು ಕೆಟ್ಟುದರಿಂದ ವಾದ್ಯದ ನಾದವು ಒಡೆದು ಗೊಗ್ಗರಾಯಿತು. ಅದನ್ನು ತೆಗೆದುಹಾಕದೆ ಹಾಗೆಯೇ ಉಳಿಸಿದರು. ೧೯೬೧ರಲ್ಲಿ ಹೊರಬಂದ ಆ ಗೀತವು ಬಹಳ ಜನಪ್ರಿಯವಾಯಿತು. ಮುದ್ರಣವನ್ನು ನಡೆಸಿದ ಇಂಜಿನಿಯರು ಗ್ಲೆನ್‌ ಸ್ನಾಡಿ. ಆತನು ರೆವಿಸ್‌ ಹಾಬ್ಸ್‌ ಎಂಬಾತನೊಡನೆ ಸೇರಿ, ಅದೇ ನಾದವನ್ನು ಟ್ರಾನ್ಸಿಸ್ಟರುಗಳಿಂದ ಬರಿಸುವ ಮಂಡಲವೊಂದನ್ನು ರಚಿಸಿ ಗಿಬ್ಸನ್‌ ಸಂಸ್ಥೆಗೆ ಕೊಟ್ಟನು. ೧೯೬೨ರಲ್ಲಿ ಅದು 'ಮ್ಯಾಯೆಸ್ಟ್ರೋ ಫಜ್‌ ಟೋನ್‌' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು.

ಈ ಪೆಟ್ಟಿಗೆಯನ್ನು ತಯಾರಕರು ಹೇಗೆ ವರ್ಣಿಸಿದರೆಂಬುದು ವಿಚಾರಾರ್ಹ. ಗಿಟಾರಿನಿಂದ ತುತ್ತೂರಿ, ಟ್ಯೂಬಾ ಮೊದಲಾದ ಊದುವ ವಾದ್ಯಗಳ ನಾದವನ್ನು ಹೊರಡಿಸಬಹುದೆಂದು ಅವರು ಪ್ರಚಾರಮಾಡಿದರು. ೧೯೬೫ರಲ್ಲಿ ರೋಲಿಂಗ್‌ ಸ್ಟೋನ್ಸ್‌ ಮೇಳದ ಕೀತ್‌ ರಿಚರ್ಡ್ಸನು 'ಸ್ಯಾಟಿಸ್‌ಫ್ಯಾಕ್ಷನ್‌' ಗೀತದಲ್ಲಿ ಇದನ್ನು ಬಳಸಿದಾಗಲೂ, ಮುಂದೆ ತುತ್ತೂರಿಗಳು ನುಡಿಸಬೇಕಾದ ಭಾಗಕ್ಕೆ ಕರಡಾಗಿಯೇ ಬಳಸಿದನು. ಕರಡೇ ಕೃತಿಯಾಗಿ ಪ್ರಕಟವಾಯಿತು. ಅದುವರೆಗೆ ಮಂದವಾಗಿದ್ದ ಪೆಟ್ಟಿಗೆಯ ಮಾರಾಟವು ಆ ಬಳಿಕ ಹೆಚ್ಚಿತು. ಅದೇ ವರ್ಷ ಓಟಿಸ್‌ ರೆಡಿಂಗನು ಆ ಗೀತವನ್ನು ನಿಜವಾದ ತುತ್ತೂರಿಗಳೊಡನೆ ಮುದ್ರಿಸಿದನು. ಇದರಿಂದ ಒಂದು ಅನುಮಾನವನ್ನು ಮಾಡಬಹುದು. ಸ್ಪೀಕರಿನಲ್ಲಿ ಹುಟ್ಟಿದ ವಿಕೃತಿಯನ್ನು ಜನರು ಗಿಟಾರಿನ ಉಗ್ರಸ್ವರೂಪವೆಂದು ಗ್ರಹಿಸಿದರು. ನೇರಮುದ್ರಣದಲ್ಲಿ ಹುಟ್ಟಿದ ವಿಕೃತಿಯನ್ನಾದರೋ ಬೇರೊಂದು ವಾದ್ಯವೆಂದೇ ಕಲ್ಪಿಸಿದರು. ನಾದದ ಜಾತಿಯನ್ನು ನಿರ್ಣಯಿಸುವುದರಲ್ಲಿ ಸ್ಪೀಕರಿನ ಪಾಲು ಎಷ್ಟೆಂಬುದಕ್ಕೆ ಇದೊಂದು ಗಮಕ.

೪. ಪೆಡಲುಗಳ ಭೇದ

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪೆಡಲುಗಳ ಶಾಖೆಗಳು ಬೆಳೆದವು. ೧೯೬೬ರಲ್ಲಿ ಲಂಡನ್ನಿನ ಆರ್ಬಿಟರ್‌ ಸಂಸ್ಥೆಯು ಹೊರತಂದ 'ಫಜ್‌ ಫೇಸ್‌' ಎರಡೇ ಟ್ರಾನ್ಸಿಸ್ಟರುಗಳದು. ಜಿಮಿ ಹೆಂಡ್ರಿಕ್ಸನಿಂದ ಅದಕ್ಕೆ ಖ್ಯಾತಿಯುಂಟಾಯಿತು. ಅಮೆರಿಕೆಯ ಮಿಷಿಗನ್‌ ಪ್ರಾಂತದ ಕಲಮಜೂ ಊರಿನಲ್ಲಿ ೧೯೭೮ರಲ್ಲಿ ಹುಟ್ಟಿದ 'ರ‍್ಯಾಟ್‌' ಎಂಬುದರಲ್ಲಿ ಅಲೆಯನ್ನು ಮೊದಲು ಬಹಳವಾಗಿ ಬೆಳೆಸಿ, ಅನಂತರ ಸಿಲಿಕನ್‌ ಡಯೋಡುಗಳಿಂದ ಸುಮಾರು ೦.೬ ವೋಲ್ಟಿನ ಮೇರೆಯಲ್ಲಿ ಕತ್ತರಿಸುವರು. ಜಪಾನಿನ ಬಾಸ್‌ ಸಂಸ್ಥೆಯು ಅದೇ ವರ್ಷ ಹೊರತಂದ 'ಡಿಎಸ್‌ ೧' ಎಂಬುದೂ ಇದೇ ವರ್ಗದ್ದು. ೧೯೭೯ರ 'ಟ್ಯೂಬ್‌ ಸ್ಕ್ರೀಮರ್‌ ಟಿಎಸ್‌ ೮೦೮' ಎಂಬುದರಲ್ಲಿ ಡಯೋಡುಗಳು ವರ್ಧನಮಂಡಲದ ಒಳಗೇ ಇರುವುದರಿಂದ ಕತ್ತರಿಕೆಯು ಮೃದುವಾಗಿರುವುದು. ಅಲ್ಲದೆ ಅದು ಸೆಕೆಂಡಿಗೆ ಸುಮಾರು ೭೦೦ ಕಂಪನಗಳಿಗಿಂತ ಕೆಳಗಣ ಸ್ವರಗಳನ್ನು ಕಡಿಮೆ ವಿಕೃತಗೊಳಿಸಿ ಮಧ್ಯಸ್ವರಗಳನ್ನು ಮುಂದುಮಾಡುವುದು. ಅದರ ಮುಖ್ಯಪ್ರಯೋಜನವು ತಾನೇ ಕೂಗುವುದಲ್ಲ, ಮೊದಲೇ ಕುದಿಯುತ್ತಿರುವ ಆಂಪ್ಲಿಫೈಯರನ್ನು ಮತ್ತಷ್ಟು ಪ್ರಚೋದಿಸುವುದು.

೧೯೮೩ರಲ್ಲಿ ಬಾಸ್‌ ಸಂಸ್ಥೆಯು ಹೊರತಂದ 'ಎಚ್‌ಎಂ ೨' ಎಂಬುದರ ಚರಿತ್ರೆಯು ಪ್ರಕೃತವಿಷಯಕ್ಕೆ ವಿಶೇಷವಾಗಿ ಉಪಕಾರಿ. ಅದರ ಉತ್ಪಾದನೆಯು ೧೯೯೧ರಲ್ಲಿ ನಿಂತಿತು. ಆದರೆ ಅಷ್ಟರಲ್ಲಿ ಸ್ಟಾಕ್‌ಹೋಮಿನ ಸನ್‌ಲೈಟ್‌ ಸ್ಟುಡಿಯೋದಲ್ಲಿ ಎಂಟೂಂಬ್ಡ್‌ ಮೇಳವು ಆ ಪೆಟ್ಟಿಗೆಯ ಎಲ್ಲ ಗುಂಡಿಗಳನ್ನೂ ಕಡೆಯವರೆಗೆ ತಿರುಗಿಸಿ ನುಡಿಸಿದ 'ಲೆಫ್ಟ್‌ ಹ್ಯಾಂಡ್‌ ಪಾತ್‌' ಎಂಬ ಸಂಪುಟವು ೧೯೯೦ರಲ್ಲಿ ಪ್ರಕಟವಾಗಿದ್ದಿತು. ಇತರ ಸಂಗೀತದಲ್ಲಿ ಸಹಿಸಲಾಗದ ಆ ಗರಗಸದಂತಹ ನಾದವು ಸ್ವೀಡನ್ನಿನ ಒಂದು ಸಂಗೀತಸಂಪ್ರದಾಯಕ್ಕೆ ಲಾಂಛನವಾಗಿಹೋಯಿತು. ರಸಭೇದದಿಂದ ದೋಷವೇ ಗುಣವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

೫. ಮರೆತುಹೋದ ಅಂಗ

ಪೆಡಲುಗಳ ಚರಿತ್ರೆಯನ್ನು ಬರೆಯುವವರು ಪೆಟ್ಟಿಗೆಗಳನ್ನು ಎಣಿಸುವರು, ಅವುಗಳ ಮುಂದಿದ್ದ ಸ್ಪೀಕರನ್ನು ಮರೆಯುವರು. ಗಿಟಾರಿನ ಸ್ಪೀಕರು ಕೇಳಿದುದೆಲ್ಲವನ್ನೂ ಯಥಾವತ್ತಾಗಿ ಒಪ್ಪಿಸುವ ಯಂತ್ರವಲ್ಲ. ಸೆಲೆಸ್ಚನ್‌ ಸಂಸ್ಥೆಯ 'ಜಿ ೧೨ ಎಂ' ಎಂಬ ಪ್ರಸಿದ್ಧವಾದ ೧೨ ಅಂಗುಲದ ಸ್ಪೀಕರಿನ ವ್ಯಾಪ್ತಿಯನ್ನು ಅದರ ತಯಾರಕರೇ ೭೫ರಿಂದ ೫,೦೦೦ ಕಂಪನಗಳೆಂದು ಹೇಳಿರುವರು. ಮನುಷ್ಯನ ಕಿವಿಯಾದರೋ ೨೦,೦೦೦ದವರೆಗೂ ಕೇಳಬಲ್ಲುದೆಂದು ಪ್ರಸಿದ್ಧಿ. ವಿಕೃತಿಯಿಂದ ಹುಟ್ಟಿದ ಉಪಸ್ವರಗಳಲ್ಲಿ ೫,೦೦೦ಕ್ಕೆ ಮೇಲ್ಪಟ್ಟವು ಸ್ಪೀಕರಿನಲ್ಲಿ ಶೀಘ್ರವಾಗಿ ಕ್ಷೀಣಿಸಿ, ಕರ್ಕಶಾಂಶವು ಶೋಧಿತವಾಗುವುದು. ಉಳಿದ ಭಾಗದಲ್ಲಿಯೂ ಪೆಟ್ಟಿಗೆಯ ಮರ, ಶಂಕುವಿನ ಕಾಗದ, ಮೈಕ್ರೋಫೋನಿನ ಸ್ಥಾನ ಇವುಗಳಿಂದ ಏರಿಳಿತಗಳುಂಟಾಗುವುವು. ಲೋಕವು ಗಿಟಾರಿನ ವಿಕೃತನಾದವೆಂದು ಮೆಚ್ಚಿದುದು ಹೀಗೆ ಶೋಧಿತವಾದ ನಾದವನ್ನೇ ಹೊರತು ಪೆಟ್ಟಿಗೆಯಿಂದ ಹೊರಬಿದ್ದುದನ್ನಲ್ಲ. ಪೆಡಲನ್ನು ನೇರವಾಗಿ ಮುದ್ರಿಸಿದಾಗ ಕೇಳುವ ಮೊರೆತವು ಪೆಡಲಿನ ದೋಷವಲ್ಲ, ಶೋಧಕದ ಅಭಾವ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ೧೯೬೮ರಲ್ಲಿ ಬೀಟಲ್ಸ್‌ ಮೇಳವು 'ರೆವಲ್ಯೂಷನ್‌' ಎಂಬ ಗೀತವನ್ನು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಮುದ್ರಿಸಿದಾಗ ಇಂಜಿನಿಯರು ಜೆಫ್‌ ಎಮೆರಿಕ್‌ ಗಿಟಾರುಗಳನ್ನು ನೇರವಾಗಿ ಕನ್ಸೋಲಿಗೆ ಕೂಡಿಸಿ, ಅದರ ವರ್ಧಕಗಳನ್ನೇ ಮೇರೆಮೀರಿಸಿದನಷ್ಟೆ. ಅಲ್ಲಿ ಸ್ಪೀಕರು ಇಲ್ಲದಿದ್ದರೂ ಆ ನಾದವು ಪ್ರಖ್ಯಾತವಾಗಲಿಲ್ಲವೇ ಎಂದು ಕೇಳಬಹುದು. ಪ್ರಖ್ಯಾತವಾಯಿತೆಂಬುದು ನಿಜ. ಆದರೆ ಅಲ್ಲಿ ಜಾನ್‌ ಲೆನನ್‌ ಬಯಸಿದುದೇ ಅತ್ಯಂತ ಕರ್ಕಶವಾದ, ಕಿವಿಗೆ ತಿವಿಯುವ ನಾದವನ್ನು. ಶೋಧಕದ ಅಭಾವವು ಅಲ್ಲಿ ವಿವಕ್ಷಿತ. ವಿವಕ್ಷಿತವಾದ ಪಾರುಷ್ಯವು ರೌದ್ರದಲ್ಲಿ ಒಪ್ಪುವಂತೆ ಅದು ಅಲ್ಲಿ ಒಪ್ಪಿತು. ಆದುದರಿಂದ ಈ ಉದಾಹರಣೆಯು ಸಿದ್ಧಾಂತವನ್ನು ಬಾಧಿಸುವುದಿಲ್ಲ, ದೃಢಪಡಿಸುವುದು. ಸ್ಪೀಕರು ಇರಲೇಬೇಕೆಂಬುದು ಸಿದ್ಧಾಂತವಲ್ಲ. ಅದು ಇರುವುದೂ ಇಲ್ಲದಿರುವುದೂ ತಿಳಿದು ಮಾಡಿದ ಆಯ್ಕೆಯಾಗಿರಬೇಕೆಂಬುದೇ ಸಿದ್ಧಾಂತ.

೬. ಗೃಹಮುದ್ರಣದ ಪರಂಪರೆ

ಮನೆಯಲ್ಲಿ ಮುದ್ರಣಮಾಡುವವನಿಗೆ ಈ ಕೊರತೆಯು ಬಹಳ ಹಿಂದೆಯೇ ಅನುಭವಕ್ಕೆ ಬಂದಿದ್ದಿತು. ಪೋಲರಾಯಿಡ್‌ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದ ಟಾಮ್‌ ಶೋಲ್ಜ್‌ ಎಂಬಾತನು ಬಾಸ್ಟನ್‌ ಮೇಳದ ೧೯೭೬ರ ಮೊದಲ ಸಂಪುಟದ ಬಹುಭಾಗವನ್ನು ಮನೆಯ ನೆಲಮಾಳಿಗೆಯಲ್ಲಿ ಮುದ್ರಿಸಿದನು. ೧೯೭೯ರಲ್ಲಿ ಟೀಯಾಕ್‌ ಸಂಸ್ಥೆಯ ಪೋರ್ಟಾಸ್ಟುಡಿಯೋ ಬಂದುದರಿಂದ ನಾಲ್ಕು ಪ್ರತ್ಯೇಕ ಪಥಗಳ ಮುದ್ರಣವು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಸಾಧ್ಯವಾಯಿತು. ಆದರೆ ಗಟ್ಟಿಯಾಗಿ ಕೂಗುವ ಆಂಪ್ಲಿಫೈಯರನ್ನು ರಾತ್ರಿಯ ಹೊತ್ತು ಗೃಹಸ್ಥನು ನಡೆಸುವುದೆಂತು? ಶೋಲ್ಜನೇ ೧೯೮೨ರಲ್ಲಿ 'ರಾಕ್‌ಮನ್‌' ಎಂಬ ಕಿರಿಯ ಉಪಕರಣವನ್ನು ಹೊರತಂದು ಇದಕ್ಕೆ ಉತ್ತರಕೊಟ್ಟನು. ಅದರಲ್ಲಿ ವಿಕೃತಿಯ ಮಂಡಲದ ಜೊತೆಗೆ ಸ್ಪೀಕರನ್ನು ಅನುಕರಿಸುವ ಶೋಧಕವೂ ಇದ್ದಿತು. ಡೆಫ್‌ ಲೆಪರ್ಡ್‌ ಮೇಳದ 'ಹಿಸ್ಟೀರಿಯಾ' ಎಂಬ ೧೯೮೭ರ ಸಂಪುಟದಲ್ಲಿ ಗಿಟಾರುಗಳಿಗೆ ಇದನ್ನು ಬಳಸಿದರು. ೧೯೮೯ರಲ್ಲಿ ಆಂಡ್ರೂ ಬಾರ್ಟಾ ಎಂಬಾತನ ರಚನೆಯಾದ 'ಸ್ಯಾನ್ಸ್‌ಆಂಪ್‌' ಇದೇ ತತ್ತ್ವವನ್ನು ಪೆಡಲಿನ ರೂಪದಲ್ಲಿ ತಂದಿತು. ೧೯೯೮ರಲ್ಲಿ ಲೈನ್‌ ೬ ಸಂಸ್ಥೆಯ 'ಪಾಡ್‌' ಎಂಬುದು ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಗಣಿತದಿಂದ ಅನುಕರಿಸಿತು. ಅನಂತರ, ಒಂದು ಸ್ಪೀಕರು ಕ್ಷಣಿಕವಾದ ನಾದಾಘಾತಕ್ಕೆ ಕೊಡುವ ಪ್ರತಿಸ್ಪಂದನವನ್ನು ಅಳೆದು ಮುದ್ರಿಸಿಟ್ಟು, ಅದನ್ನು ಯಾವ ನಾದಕ್ಕಾದರೂ ಅನ್ವಯಿಸುವ ಕ್ರಮವು ಬಳಕೆಗೆ ಬಂದಿತು. ಇದನ್ನು ಇಂಪಲ್ಸ್‌ ರೆಸ್ಪಾನ್ಸ್‌ ಎನ್ನುವರು.

ಈ ಪರಂಪರೆಯ ಪ್ರತಿಯೊಂದು ಹಂತದಲ್ಲಿಯೂ ವಿಕೃತಿಯನ್ನು ಹುಟ್ಟಿಸುವುದು ಸುಲಭವಾಗಿತ್ತು. ಸ್ಪೀಕರಿನ ಸ್ಥಾನವನ್ನು ತುಂಬುವುದೇ ಪ್ರಯತ್ನಸಾಧ್ಯವಾಗಿದ್ದಿತು.

೭. ನಿರ್ಣಯ

ಇಷ್ಟರಿಂದ ನೇರಮುದ್ರಣಕ್ಕೆ ಪೆಡಲನ್ನು ಆರಿಸುವ ಕ್ರಮವು ಸಿದ್ಧವಾಗುವುದು. ಪೆಡಲುಗಳನ್ನು ಅವು ತಮ್ಮ ಮುಂದೆ ಏನನ್ನು ಅಪೇಕ್ಷಿಸುವುವೆಂಬುದರಿಂದ ಮೂರಾಗಿ ವಿಂಗಡಿಸಬಹುದು. ಟ್ಯೂಬ್‌ ಸ್ಕ್ರೀಮರಿನಂತಹವು ಉದ್ದೀಪಕಗಳು. ಅವುಗಳ ಮುಂದೆ ಆಂಪ್ಲಿಫೈಯರಿನ ಅನುಕರಣವೂ ಸ್ಪೀಕರಿನ ಅನುಕರಣವೂ ಬೇಕು. ಇಲ್ಲದಿದ್ದರೆ ನಾದವು ತೆಳುವಾಗಿ ಮೂಗಿನಿಂದ ಬಂದಂತಿರುವುದು. ರ‍್ಯಾಟ್‌, ಡಿಎಸ್‌ ೧, ಎಚ್‌ಎಂ ೨ ಮೊದಲಾದವು ಉತ್ಪಾದಕಗಳು. ವಿಕೃತಿಯು ಅವುಗಳಲ್ಲಿಯೇ ಪೂರ್ಣವಾಗಿ ಉಂಟಾಗುವುದರಿಂದ ಸ್ಪೀಕರಿನ ಅನುಕರಣವೊಂದಿದ್ದರೂ ಸಾಗುವುದು. ರ‍್ಯಾಟಿನ ಶೋಧಕದ ಗುಂಡಿಯು ಮೇಲಣ ಸ್ವರಗಳನ್ನು ತಗ್ಗಿಸುವುದಾದರೂ ಅದರ ಇಳಿಜಾರು ಸ್ಪೀಕರಿನದರಷ್ಟು ಕಡಿದಲ್ಲವಾದುದರಿಂದ ಅದನ್ನೇ ನೆಚ್ಚಲಾಗದು. ಸ್ಯಾನ್ಸ್‌ಆಂಪಿನಂತಹವು ಸಮಗ್ರಗಳು. ಶೋಧಕವು ಅವುಗಳಲ್ಲಿಯೇ ಅಡಕವಾಗಿರುವುದರಿಂದ ಬೇರೊಂದರ ಅಪೇಕ್ಷೆಯಿಲ್ಲ. ಮೇಲೆ ಮತ್ತೊಂದನ್ನು ಹೇರಿದರೆ ನಾದವು ಮಂಕಾಗುವುದು. ಒಂದೇ ಉಪಕರಣವನ್ನು ಕೊಳ್ಳಲು ಶಕ್ತಿಯಿದ್ದು, ಕಂಪ್ಯೂಟರಿನ ಸಹಾಯವನ್ನು ಬಯಸದವನು ಮೂರನೆಯ ವರ್ಗವನ್ನು ಆಶ್ರಯಿಸುವುದು ಲೇಸು. ಕಂಪ್ಯೂಟರಿನಲ್ಲಿ ಸ್ಪೀಕರಿನ ಪ್ರತಿಸ್ಪಂದನಗಳು ಇರುವವನಿಗೆ ಎರಡನೆಯದು ಸಾಕು. ಮೊದಲನೆಯದು ಆಂಪ್ಲಿಫೈಯರಿನ ಅನುಕರಣವನ್ನು ಹೊಂದಿದವನಿಗೆ ಮಾತ್ರ ಫಲಕಾರಿ.

ಫಜ್‌ ಫೇಸಿನ ವಿಷಯದಲ್ಲಿ ಮತ್ತೊಂದು ವಿಶೇಷವುಂಟು. ಅದು ತನ್ನ ಹಿಂದಿರುವ ಗಿಟಾರಿನ ಪಿಕಪ್ಪನ್ನು ವಿದ್ಯುತ್ತಿನ ದೃಷ್ಟಿಯಿಂದ ಭಾರಗೊಳಿಸಿ, ಆ ಸಂಬಂಧದಿಂದಲೇ ತನ್ನ ಮಾಧುರ್ಯವನ್ನು ಪಡೆಯುವುದು. ನಡುವೆ ಬೇರೊಂದು ವರ್ಧಕವು ಬಂದರೆ ಸಂಬಂಧವು ತಪ್ಪಿ ನಾದವು ಪರುಷವಾಗುವುದು. ಶುದ್ಧನಾದವನ್ನು ಮೊದಲು ಮುದ್ರಿಸಿಟ್ಟುಕೊಂಡು ಆಮೇಲೆ ಪೆಡಲಿಗೆ ಹಾಯಿಸುವ ಪದ್ಧತಿಯು ಇತರ ಪೆಡಲುಗಳಿಗೆ ಅನುಕೂಲವಾದರೂ ಇದಕ್ಕೆ ಅಷ್ಟಾಗಿ ಒಗ್ಗದು.

ಪೆಡಲನ್ನೇ ಬಿಟ್ಟು ವಿಕೃತಿಯನ್ನೂ ಕಂಪ್ಯೂಟರಿನ ಗಣಿತಕ್ಕೆ ಒಪ್ಪಿಸಬಾರದೇಕೆಂದು ಕೇಳಬಹುದು. ಒಪ್ಪಿಸಬಹುದು. ಆದರೆ ಸೆಕೆಂಡಿಗೆ ೪೪,೧೦೦ ಮಾದರಿಗಳನ್ನು ತೆಗೆಯುವ ಮುದ್ರಣದಲ್ಲಿ ೨೨,೦೫೦ಕ್ಕೆ ಮೇಲ್ಪಟ್ಟ ಉಪಸ್ವರಗಳಿಗೆ ಸ್ಥಾನವಿಲ್ಲ. ಗಣಿತದೊಳಗೆ ಹುಟ್ಟಿದ ಅಂತಹ ಉಪಸ್ವರಗಳು ಮಡಿಸಿಕೊಂಡು ಕೆಳಕ್ಕೆ ಬಂದು ಮೂಲಸ್ವರಕ್ಕೆ ಸಂಬಂಧವಿಲ್ಲದ ಅಪಸ್ವರಗಳಾಗುವುವು. ಇದು ನಿತ್ಯದೋಷ. ಇದನ್ನು ತಪ್ಪಿಸಲು ಒಳಗೊಳಗೆ ಮಾದರಿಗಳ ಸಂಖ್ಯೆಯನ್ನು ಹಲವು ಮಡಿ ಹೆಚ್ಚಿಸಿ ಲೆಕ್ಕಮಾಡುವರು. ಪ್ರತ್ಯಕ್ಷವಾದ ಪೆಡಲಿನಲ್ಲಿ ವಿಕೃತಿಯು ಮಾದರಿ ತೆಗೆಯುವುದಕ್ಕೆ ಮೊದಲೇ ಮುಗಿದಿದ್ದು, ಹೆಚ್ಚಿನ ಉಪಸ್ವರಗಳು ದ್ವಾರದಲ್ಲಿಯೇ ತಡೆಯಲ್ಪಡುವುದರಿಂದ ಈ ಬಾಧೆಯಿಲ್ಲ. ಆದರೆ ಪೆಡಲಿನ ಬಲವನ್ನು ತಗ್ಗಿಸಿ, ಆಡಿಯೊ ಇಂಟರ್‌ಫೇಸಿನ ಮೇರೆಗಿಂತ ಸಾಕಷ್ಟು ಕೆಳಗೆ ಮುದ್ರಿಸಬೇಕು. ಡಯೋಡು ಅಲೆಯನ್ನು ಕತ್ತರಿಸುವುದು ಬೇರೆ, ಇಂಟರ್‌ಫೇಸು ಕತ್ತರಿಸುವುದು ಬೇರೆ. ಮೊದಲನೆಯದು ಕವಿಯ ಪ್ರಯೋಗವಾದರೆ ಎರಡನೆಯದು ಲಿಪಿಕಾರನ ಪ್ರಮಾದ.

ನೇರವಾಗಿ ಮುದ್ರಿಸುವಾಗ ಕೆಟ್ಟ ಒಂದು ಟ್ರಾನ್ಸ್‌ಫಾರ್ಮರಿನಿಂದ ಪೆಡಲು ಹುಟ್ಟಿತು; ಸ್ಪೀಕರಿನ ಮುಂದೆ ಬೆಳೆದು ತನ್ನ ರೂಪವನ್ನು ಪಡೆಯಿತು; ಈಗ ಮತ್ತೆ ನೇರಮುದ್ರಣಕ್ಕೆ ಹಿಂದಿರುಗಿದೆ. ನಡುವಣ ಕಾಲದಲ್ಲಿ ಅದಕ್ಕೆ ದೊರೆತ ಆಶ್ರಯವನ್ನು ಮರೆತು ಪೆಟ್ಟಿಗೆಯೊಂದನ್ನೇ ಪರೀಕ್ಷಿಸುವವನು, ಪ್ರಕರಣವನ್ನು ಬಿಟ್ಟು ಪದವೊಂದನ್ನೇ ಹಿಡಿದು ಗುಣದೋಷಗಳನ್ನು ಹೇಳುವ ವಿಮರ್ಶಕನಂತೆ ಭ್ರಾಂತನಾಗುವನು. ಯಾವ ಪೆಡಲು ಉತ್ತಮವೆಂದು ಕೇಳುವುದಕ್ಕೆ ಮೊದಲು, ಅದರ ಮುಂದೆ ಏನಿರುವುದೆಂದು ಕೇಳಿಕೊಳ್ಳತಕ್ಕದ್ದು. ಅದು ನಿಶ್ಚಯವಾದ ಮೇಲೆ ಹೆಚ್ಚು ಬೆಲೆಯಿಲ್ಲದ ಪೆಟ್ಟಿಗೆಯಿಂದಲೂ ಕಾರ್ಯವು ಸಿದ್ಧಿಸುವುದು. ಅದು ನಿಶ್ಚಯವಾಗದಿದ್ದರೆ ಎಷ್ಟು ಬೆಲೆಯ ಪೆಟ್ಟಿಗೆಯಿಂದಲೂ ಸಿದ್ಧಿಸದು.